ಊಟ ಬಿಟ್ಟ ಬೆಕ್ಕು, ಏರಿದ ಸಕ್ಕರೆ

ಗದಗ ಜಿಲ್ಲೆಯ ಇಟಗಿಯಂಥ ಊರಿನಲ್ಲಿ ಬೆಕ್ಕು ಸಾಕುವುದು ಜೋಳ, ಕಡಲೆಯ ಚೀಲಗಳ ಕಾವಲಿಗೆ. ಇಲಿ ಹಿಡಿದು, ಮೇಲಿಷ್ಟು ಹಾಲು-ರೊಟ್ಟಿ ತಿಂದು ಮಾಳಿಗೆಯಿಂದ ಮಾಳಿಗೆಗೆ ಅಲೆಯುವ ಬೆಕ್ಕಿಗೆ ‘ಸಕ್ರಿ ಬ್ಯಾನಿ’, ಅಂದರೆ ಮಧುಮೇಹ, ತಗಲುವ ಸಂಭವ ಕಡಿಮೆ. ಸಂತಾನಹರಣವಾಗಿ, ಮನೆಯೊಳಗೇ ಕೂತು ಕೊಬ್ಬಿದ ನಡುವಯಸ್ಸಿನ ಗಂಡು ಬೆಕ್ಕನ್ನು ಅದು ಹೆಚ್ಚಾಗಿ ಹಿಡಿಯುತ್ತದೆ. ಹಿಡಿದರೆ ದಿನಕ್ಕೆ ಎರಡು ಹೊತ್ತು ಇನ್ಸುಲಿನ್. ಒಂದು ಮುಂಜಾನೆ ಆ ಬೆಕ್ಕು ತಟ್ಟೆ ಮೂಸಿ ಮುಖ ತಿರುಗಿಸಿದರೆ ಸೂಜಿ ಚುಚ್ಚಬೇಕೋ ಬೇಡವೋ? ಈ ಲೇಖನದ ವಿಚಾರ ಅಷ್ಟೇ.

ತಿನ್ನದಿದ್ದರೆ ಸಕ್ಕರೆ ಇಳಿಯಬೇಕು ಎಂಬ ಲೆಕ್ಕ ಇಲ್ಲಿ ಅರ್ಧ ಮಾತ್ರ ನಿಜ. ಮೂತ್ರನಾಳದ ಸೋಂಕು, ಹುಳುಕು ಹಲ್ಲು, ಮೇದೋಜೀರಕ ಗ್ರಂಥಿಯ ಉರಿಯೂತ, ಇವು ಯಾವುವೇ ಇದ್ದರೂ ಕಾರ್ಟಿಸಾಲ್, ಅಡ್ರಿನಲಿನ್, ಗ್ಲುಕಗಾನ್ ಹೆಚ್ಚಿ ಇನ್ಸುಲಿನ್ನಿನ ಕೈ ಕಟ್ಟುತ್ತವೆ. ಮೇಲಾಗಿ ಬೆಕ್ಕು ಅಪ್ಪಟ ಮಾಂಸಾಹಾರಿ. ಪ್ರೋಟೀನಿನಿಂದ ಗ್ಲುಕೋಸ್ ಮಾಡುವ ಕೆಲಸವನ್ನು ಅದರ ಯಕೃತ್ತು ಉಪವಾಸದಲ್ಲೂ ನಿಲ್ಲಿಸುವುದಿಲ್ಲ. ತಟ್ಟೆ ಖಾಲಿಯಾಗದೆಯೇ ಸಕ್ಕರೆ ಏರುವುದು ಹೀಗೆ. ಇತ್ತ ಪೂರ್ತಿ ಡೋಸ್ ಚುಚ್ಚಿ, ಹೊಟ್ಟೆಗೆ ಏನೂ ಬೀಳದಿದ್ದರೆ ಅದೇ ಸಕ್ಕರೆ ಡೆಸಿಲೀಟರಿಗೆ 60 ಮಿಲಿಗ್ರಾಂಗಿಂತ ಕೆಳಗಿಳಿದು ಬೆಕ್ಕು ತೂರಾಡಬಹುದು, ಸೆಳೆತ ಬಂದು ಬೀಳಲೂಬಹುದು.

ಅಳೆದ ಅಂಕಿಯನ್ನಾದರೂ ನಂಬೋಣವೆಂದರೆ ಅದಕ್ಕೂ ತೊಡಕಿದೆ. ಕ್ವೀನ್ಸ್‌ಲ್ಯಾಂಡಿನ ಜಾಕಿ ರ‍್ಯಾಂಡ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಆರೋಗ್ಯವಂತ ಬೆಕ್ಕುಗಳಿಗೆ ಐದು ನಿಮಿಷ ನೀರು ಸಿಂಪಡಿಸಿದರು. ಕೊಸರಾಡಿದವುಗಳ ಸಕ್ಕರೆಯೇ ಹೆಚ್ಚು ಏರಿತು. ಬುಟ್ಟಿಯಲ್ಲಿ ಕಟ್ಟಿ, ಬೈಕಿನ ಮೇಲೆ ಪಶು ಆಸ್ಪತ್ರೆಗೆ ತಂದ ಬೆಕ್ಕಿನ ಅಂಕಿಯಲ್ಲಿ ಕಾಯಿಲೆಯ ಪಾಲೆಷ್ಟು, ದಾರಿಯ ಪಾಲೆಷ್ಟು? ಮನೆಯಲ್ಲೇ ಕಿವಿಯಂಚಿನಿಂದ ಒಂದು ಹನಿ ತೆಗೆದು ನೋಡುವುದು ವಾಸಿ. ಮನುಷ್ಯರ ಗ್ಲುಕೋಮೀಟರ್ ಬೆಕ್ಕಿನ ರಕ್ತಕ್ಕೆ ಸಾಮಾನ್ಯವಾಗಿ ತುಸು ಕಡಿಮೆ ತೋರಿಸುತ್ತದೆ ಎಂಬುದು ನೆನಪಿರಲಿ.

ನನ್ನ ದೃಷ್ಟಿಯಲ್ಲಿ ಅಂಕಿಗಿಂತ ಹಸಿವೇ ದೊಡ್ಡ ಸಾಕ್ಷಿ. ಊಟವೂ ಇಲ್ಲ, ಇನ್ಸುಲಿನ್ನೂ ಸಾಲದು ಎಂದಾದಾಗ ಕೊಬ್ಬು ಕರಗಿ ಕೀಟೋನ್ ತುಂಬುತ್ತದೆ. ದಪ್ಪ ಬೆಕ್ಕಾದರೆ ಕೆಲವೇ ದಿನಗಳಲ್ಲಿ ಯಕೃತ್ತಿಗೆ ಕೊಬ್ಬು ಕಟ್ಟಬಹುದು. 2022ರ ಡಿಸೆಂಬರಿನಲ್ಲಿ ಬೆಕ್ಕಿನ ಮಧುಮೇಹಕ್ಕೆಂದು ಅಮೆರಿಕ ಒಪ್ಪಿದ ಬೆಕ್ಸಾಗ್ಲಿಫ್ಲೋಜಿನ್ ಗುಳಿಗೆ ಇದನ್ನು ಇನ್ನಷ್ಟು ಸ್ಪಷ್ಟಪಡಿಸಿತು. ಅದು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವುದರಿಂದ ರಕ್ತದ ಅಂಕಿ ಚೆನ್ನಾಗಿದ್ದಾಗಲೇ ಕೀಟೋನ್ ವಿಷ ಏರಬಹುದು. ಊಟ ಬಿಟ್ಟ ಬೆಕ್ಕಿಗೆ ಆ ಗುಳಿಗೆ ಸಲ್ಲದು.

ಸಕ್ಕರೆ ಇಳಿದಿಲ್ಲವೆಂದು ಖಚಿತವಾದ ಮೇಲೆ ಅರ್ಧ ಡೋಸ್ ಕೊಟ್ಟು ಅಂದೇ ವೈದ್ಯರನ್ನು ಕಾಣಬೇಕೆಂಬುದು ರೂಢಿಯ ಸಲಹೆ. ಬೆಕ್ಕಿನ ಅರ್ಧ ಡೋಸ್ ಎಂದರೆ ಹಲವು ಸಲ ಬರೀ ಒಂದು ಯೂನಿಟ್. ನಮ್ಮ ಔಷಧಿ ಅಂಗಡಿಗಳಲ್ಲಿ ಮಿಲಿಲೀಟರಿಗೆ 40 ಯೂನಿಟ್ಟಿನ ಶೀಶೆಯೂ ಇದೆ, 100ರದೂ ಇದೆ. ಬೆಕ್ಕಿಗೆ ಬರೆಯುವ ಗ್ಲಾರ್ಜಿನ್ ಇನ್ಸುಲಿನ್ ಸಾಮಾನ್ಯವಾಗಿ 100ರದು. ಅದನ್ನು ಕೆಂಪು ಮುಚ್ಚಳದ 40ರ ಸಿರಿಂಜಿನಲ್ಲಿ ಒಂದು ಗೆರೆಗೆ ಎಳೆದರೆ ಒಳಹೋಗುವುದು ಎರಡೂವರೆ ಯೂನಿಟ್.