ಅಂಗಡಿಯ ಬಾಗಿಲೂ ಸಂವಿಧಾನವೂ

ತನ್ನ ಬಂಡವಾಳದಿಂದ ಅಂಗಡಿ ತೆರೆದವನಿಗೆ, ಯಾರಿಗೆ ಮಾರಬೇಕು, ಯಾರಿಗೆ ಮಾರಬಾರದು ಎಂದು ನಿರ್ಣಯಿಸುವ ಸ್ವಾತಂತ್ರ್ಯವಿರಬೇಡವೇ? ಪಕ್ಷಪಾತ ಮಾಡಬಾರದೆಂದು ಸರಕಾರವನ್ನು ಕಟ್ಟಿಹಾಕುವುದು ಸರಿ. ಖಾಸಗಿ ವ್ಯಾಪಾರಿಯನ್ನೂ ಅದೇ ಹಗ್ಗದಿಂದ ಕಟ್ಟುವುದು ನ್ಯಾಯವೇ? ಈ ವಾದವನ್ನು ನಾವು ಲಘುವಾಗಿ ತಳ್ಳಿಹಾಕಲಾರೆವು. ಆದರೆ ನಮ್ಮ ದೇಶದಲ್ಲಿ ಇದಕ್ಕೆ ಉತ್ತರ ದೊರೆತ ಬಗೆಯನ್ನು ಅರಿಯದೆ ಇದರ ತೂಕವನ್ನು ಅಳೆಯುವಂತಿಲ್ಲ.

1948ರ ನವೆಂಬರ್ 29ರಂದು ಸಂವಿಧಾನ ಸಭೆಯು ಕರಡಿನ 9ನೆಯ ಅನುಚ್ಛೇದವನ್ನು ಚರ್ಚಿಸಿತು. ಇಂದಿನ 15ನೆಯ ಅನುಚ್ಛೇದ ಅದೇ. ಮತ, ಜನಾಂಗ, ಜಾತಿ, ಲಿಂಗ, ಜನ್ಮಸ್ಥಳ ಇವುಗಳ ಕಾರಣದಿಂದಲೇ ಯಾವ ಪ್ರಜೆಯನ್ನೂ ಅಂಗಡಿ, ಸಾರ್ವಜನಿಕ ಉಪಾಹಾರಗೃಹ, ಹೋಟೆಲು, ಮನರಂಜನೆಯ ಸ್ಥಳಗಳಿಂದ ದೂರವಿಡಬಾರದೆಂದು ಅದರ 2ನೆಯ ಖಂಡ ವಿಧಿಸುತ್ತದೆ. ಮೂಲಭೂತ ಹಕ್ಕುಗಳಲ್ಲಿ ಬಹುಪಾಲು ಸರಕಾರವನ್ನು ಉದ್ದೇಶಿಸಿದವು. ಈ ಖಂಡವಾದರೋ ನೆರೆಯವನನ್ನೂ ವರ್ತಕನನ್ನೂ ಉದ್ದೇಶಿಸಿ ಮಾತನಾಡುತ್ತದೆ. ‘ಅಂಗಡಿ’ ಎಂದರೆ ಯಾವುದು, ವೈದ್ಯನ ಔಷಧಾಲಯವೂ ವಕೀಲನ ಕೊಠಡಿಯೂ ಅದರಲ್ಲಿ ಸೇರುವುವೇ ಎಂಬ ಪ್ರಶ್ನೆ ಸಭೆಯಲ್ಲಿ ಎದ್ದಿತು. ಡಾ. ಅಂಬೇಡ್ಕರರು ಹೌದೆಂದರು. ಬಂದವರಿಗೆಲ್ಲ ತನ್ನ ಸೇವೆಯನ್ನು ನೀಡಲು ಸಿದ್ಧನಾಗಿ ಕುಳಿತವನ ಸ್ಥಳವೆಲ್ಲವೂ ಅಂಗಡಿಯೇ ಎಂಬುದು ಅವರು ಕೊಟ್ಟ ಅರ್ಥ. ಒಳಗೆ ಬಿಟ್ಟರೆ ಸಾಲದು, ಸೇವೆಯೂ ದೊರೆಯಬೇಕು. ಆ ಮಾತಿನ ತಿರುಳು ಇದೆಂದು ನಮಗೆ ತೋರುತ್ತದೆ: ಮನೆಯ ಬಾಗಿಲು ಮನೆಯವನದು, ಬೀದಿಗೆ ಮುಖಮಾಡಿ, ‘ಬನ್ನಿ’ ಎಂದು ಹಲಗೆ ತೂಗುಹಾಕಿದ ಬಾಗಿಲು ಹಾಗಲ್ಲ.

ಸಂವಿಧಾನದ ಮಾತಿಗೆ ದಂಡನೆಯ ಬಲ ಬಂದದ್ದು 1955ರ ಜೂನ್ 1ರಂದು, ಅಸ್ಪೃಶ್ಯತಾ ಅಪರಾಧಗಳ ಅಧಿನಿಯಮವು ಜಾರಿಗೆ ಬಂದಾಗ. ಗಡಿನಾಡಿಗರಾದ ನಾವು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಅದಕ್ಕೆ ಮುಂಚೆ ಕನ್ನಡ ನುಡಿಯ ಮನೆಗಳು ಈ ವಿಷಯದಲ್ಲಿ ಹಲವು ಶಾಸನಗಳ ಕೆಳಗೆ ಹಂಚಿಹೋಗಿದ್ದುವು. ಕಾಸರಗೋಡು, ವಯನಾಡು, ನೀಲಗಿರಿ, ತಾಳವಾಡಿ, ಹೊಸೂರು, ಮಡಕಶಿರಾ, ಆದವಾನಿ, ರಾಯದುರ್ಗಗಳಿಗೆ ಅನ್ವಯಿಸುತ್ತಿದ್ದುದು ಮದರಾಸಿನ 1938ರ ಶಾಸನ. ಸೊಲ್ಲಾಪುರಕ್ಕೆ ಮುಂಬಯಿಯ 1946ರದು. 1948ರಲ್ಲಿ ಮುಂಬಯಿಗೆ ವಿಲೀನವಾದ ಅಕ್ಕಲಕೋಟೆ, ಜತ್ತ ಸಂಸ್ಥಾನಗಳು ಆ ಪ್ರಾಂತದೊಡನೆ ಸೇರಿದುವು. ನಾರಾಯಣಪೇಟೆಯ ಕಡೆಗೆ ಹೈದರಾಬಾದಿನ 1358ನೆಯ ಫಸಲಿಯ ನಿಬಂಧನೆ. ಮೈಸೂರಿನ ಒಳಗೆ 1943ರ ಶಾಸನ, ಕೊಡಗಿನಲ್ಲಿ 1949ರದು. ಹೆಸರೂ ಬೇರೆ, ಬರೆಹವೂ ಬೇರೆ. 1955ರ ಕೇಂದ್ರ ಅಧಿನಿಯಮವು ಇವೆಲ್ಲವನ್ನೂ ರದ್ದುಪಡಿಸಿತು. ರಾಜ್ಯಗಳ ಪುನರ್ವಿಂಗಡಣೆ 1956ರ ನವೆಂಬರ್ 1ರಂದು ನಮ್ಮನ್ನು ಗಡಿಯ ಆಚೆ ಬಿಟ್ಟಿತೆಂಬ ಕೊರಗು ಇಂದಿಗೂ ಉಂಟು. ಅದಕ್ಕೆ ಒಂದೂವರೆ ವರ್ಷ ಮುಂಚೆಯೇ ಈ ಒಂದು ವಿಷಯದಲ್ಲಾದರೂ ಗಡಿಯ ಈಚೆಗೂ ಆಚೆಗೂ ಒಂದೇ ನ್ಯಾಯ ಏರ್ಪಟ್ಟಿತ್ತೆಂಬುದನ್ನು ನಮ್ಮಲ್ಲಿ ನೆನೆಯುವವರು ಕಡಮೆ.

ಆ ಅಧಿನಿಯಮವನ್ನು ಬರೆದವರು ನಮ್ಮ ಸಮಾಜವನ್ನು ಬಲ್ಲವರು. ಹೋಟೆಲಿನ ಒಳಗೆ ಬಿಟ್ಟು, ಲೋಟವನ್ನು ಮಾತ್ರ ಬೇರೆ ಇಡುವ ಜಾಣತನ ಅವರಿಗೆ ತಿಳಿದಿತ್ತು. ಆದ್ದರಿಂದ ಪಾತ್ರೆಗಳ ಬಳಕೆಯನ್ನು 4ನೆಯ ಪ್ರಕರಣದಲ್ಲಿ ಹೆಸರಿಸಿಯೇ ಹೇಳಿದರು. ಇತರರಿಗೆ ಮಾರುವ ಹೊತ್ತಿನಲ್ಲಿ, ಮಾರುವ ಸ್ಥಳದಲ್ಲಿ, ಅದೇ ಷರತ್ತಿನ ಮೇಲೆ ಮಾರಲೊಲ್ಲದಿರುವುದು 6ನೆಯ ಪ್ರಕರಣದಂತೆ ಅಪರಾಧ. ಆಗಿನ ಶಿಕ್ಷೆ ಆರು ತಿಂಗಳವರೆಗಿನ ಸೆರೆ, ಇಲ್ಲವೆ 500 ರೂಪಾಯಿವರೆಗಿನ ದಂಡ, ಇಲ್ಲವೆ ಎರಡೂ ಆಗಿತ್ತು. ದಂಡವನ್ನು ತೆತ್ತು ಸುಮ್ಮನಾಗುವ ಸ್ಥಿತಿವಂತನಿಗೆ, 6ನೆಯ ಪ್ರಕರಣದ ಅಪರಾಧಕ್ಕಾಗಿ ಪರವಾನಗಿಯನ್ನೇ ಕಳೆದುಕೊಳ್ಳುವ ಭಯವನ್ನು 8ನೆಯ ಪ್ರಕರಣ ಒಡ್ಡಿತು. ನಿರಾಕರಣೆಗೆ ಒಳಗಾದವನು ಪರಿಶಿಷ್ಟ ಜಾತಿಯವನಾದರೆ, ಅಸ್ಪೃಶ್ಯತೆಯೇ ಕಾರಣವೆಂದು ನ್ಯಾಯಾಲಯವು ಮೊದಲು ಭಾವಿಸಬೇಕು. ಅಲ್ಲವೆಂದು ತೋರಿಸುವ ಹೊಣೆ ವ್ಯಾಪಾರಿಯದು. ವ್ಯಾಪಾರಿಯ ಮನಸ್ಸಿನೊಳಗಣ ಕಾರಣವನ್ನು ಬಡವನೊಬ್ಬನು ಹೇಗೆ ತಾನೆ ರುಜುವಾತುಪಡಿಸಿಯಾನು? 1976ರಲ್ಲಿ ಈ ಅಧಿನಿಯಮವು ಬಿಗಿಯಾಗಿ, ನಾಗರಿಕ ಹಕ್ಕುಗಳ ಸಂರಕ್ಷಣಾ ಅಧಿನಿಯಮವೆಂಬ ಹೆಸರನ್ನು ಪಡೆಯಿತು.

ಮೇರೆ ಎಲ್ಲಿ ಎಂಬ ವಿವಾದ ಮಾತ್ರ ನಿಂತಿಲ್ಲ. ಪಾರಸಿಗಳಿಗಷ್ಟೇ ಸದಸ್ಯತ್ವವೆಂಬ ಅಹಮದಾಬಾದಿನ ವಸತಿ ಸಹಕಾರ ಸಂಘವೊಂದರ ಉಪವಿಧಿಯನ್ನು, ಸಂಘ ಕಟ್ಟಿಕೊಳ್ಳುವ ಸ್ವಾತಂತ್ರ್ಯದ ಹೆಸರಿನಲ್ಲಿ ಸರ್ವೋಚ್ಚ ನ್ಯಾಯಾಲಯವು 2005ರಲ್ಲಿ ಎತ್ತಿಹಿಡಿಯಿತು. 2011ರಲ್ಲಿ ಅದೇ ನ್ಯಾಯಾಲಯವು ಅಂಬೇಡ್ಕರರ ವಿಶಾಲಾರ್ಥವನ್ನು ಹಿಡಿದು, ‘ಅಂಗಡಿ’ ಎಂಬ ಪದದೊಳಗೆ ಖಾಸಗಿ ವಿದ್ಯಾಸಂಸ್ಥೆಗಳೂ ಬರುತ್ತವೆಂದಿತು. ಎರಡನೆಯದೇ ಸಂವಿಧಾನದ ಮನೋಧರ್ಮಕ್ಕೆ ಹತ್ತಿರವೆಂದು ನಾವು ಬಗೆಯುತ್ತೇವೆ. ವಾಸದ ಮನೆಯು ಕಡಲೆಬೆಲ್ಲದ ಅಂಗಡಿಗಿಂತ ಬಾಳಿಗೆ ಹೆಚ್ಚು ಅವಶ್ಯಕವಾದುದು ತಾನೆ?

ನಮಗೆ ನೇರವಾಗಿ ತಟ್ಟುವ ಕೊರತೆಯೊಂದುಂಟು. 15ನೆಯ ಅನುಚ್ಛೇದದ ಪಟ್ಟಿಯಲ್ಲಿ ಭಾಷೆಯ ಹೆಸರಿಲ್ಲ. 29ನೆಯದರಲ್ಲಿ ಇದೆ, ಸರಕಾರ ನಡೆಸುವ ಅಥವಾ ಸರಕಾರದ ನೆರವು ಪಡೆಯುವ ಶಾಲೆಯು ಭಾಷೆಯ ಕಾರಣದಿಂದಲೇ ನಮ್ಮ ಮಗುವಿಗೆ ಪ್ರವೇಶವನ್ನು ನಿರಾಕರಿಸುವಂತಿಲ್ಲ. ಅದೇ ಬೀದಿಯ ಮಳಿಗೆಯವನು ಕನ್ನಡ ಆಡಿದುದಕ್ಕಾಗಿಯೇ ಗಿರಾಕಿಯನ್ನು ಹಿಂದಕ್ಕೆ ಕಳುಹಿದರೆ 15ನೆಯ ಅನುಚ್ಛೇದದ ಅಕ್ಷರವು ನೆರವಿಗೆ ಬಾರದು. ಜನ್ಮಸ್ಥಳವೆಂಬ ಪದವೂ ಒದಗದು. ನಾವು ಹುಟ್ಟಿದ್ದು ಇದೇ ಮಣ್ಣಿನಲ್ಲಿ. ವ್ಯಾಪಾರಿಗೆ ಕನ್ನಡ ಬರಲೇಬೇಕೆಂದು ನಾವು ಕೇಳುತ್ತಿಲ್ಲ. ಸರಕನ್ನು ಕೊಡುವಾಗ ನುಡಿಯನ್ನು ನೋಡಿ ಕೈ ಹಿಂದೆಗೆಯಬಾರದೆಂಬಷ್ಟು ಮಾತನ್ನು ಪಟ್ಟಿಗೆ ಸೇರಿಸಬೇಕೆಂಬುದು ನಮ್ಮ ಅಭಿಮತ. ಹಾಗೆ ಸೇರಿದ ದಿನ, ಅದು ನಮ್ಮವರ ಮಳಿಗೆಗಳಿಗೆ ಬರುವ ಮಲಯಾಳ, ತಮಿಳು, ತೆಲುಗು, ಮರಾಠಿಯ ಗಿರಾಕಿಗಳಿಗೂ ಅಷ್ಟೇ ಅನ್ವಯಿಸುವುದು.