ಕ್ಯಾಥೊಲಿಕ್ ಧರ್ಮಸಭೆಯ ಅಧಿಕಾರ ಶ್ರೇಣಿ

ಕ್ಯಾಥೊಲಿಕ್ ಧರ್ಮಸಭೆಯ ಅಧಿಕಾರ ಶ್ರೇಣಿಯು ಪೋಪ್, ಬಿಷಪ್, ಪಾದ್ರಿ ಮತ್ತು ಡೀಕನ್‌ರನ್ನು ಒಳಗೊಂಡ ಧಾರ್ಮಿಕ ಹಾಗೂ ಆಡಳಿತ ವ್ಯವಸ್ಥೆಯಾಗಿದೆ. ಇದರಲ್ಲಿ ಗುರುದೀಕ್ಷೆಯಿಂದ ಬರುವ ದರ್ಜೆ ಬೇರೆ, ನೇಮಕ ಅಥವಾ ಆಯ್ಕೆಯಿಂದ ಬರುವ ಹುದ್ದೆ ಬೇರೆ.

ದೀಕ್ಷೆಯ ಮೂರು ದರ್ಜೆಗಳು

ದೀಕ್ಷೆಗೆ ಮೂರೇ ದರ್ಜೆಗಳಿವೆ.

• ಡೀಕನ್: ಜ್ಞಾನಸ್ನಾನ ನೀಡಬಹುದು, ಪ್ರವಚನ ಮಾಡಬಹುದು, ಬಲಿಪೂಜೆ ಅರ್ಪಿಸುವಂತಿಲ್ಲ.
• ಪಾದ್ರಿ (ಗುರು): ಬಲಿಪೂಜೆ ಅರ್ಪಿಸುತ್ತಾರೆ, ಪಾಪನಿವೇದನೆ ಆಲಿಸಿ ಕ್ಷಮೆ ನೀಡುತ್ತಾರೆ.
• ಬಿಷಪ್ (ಧರ್ಮಾಧ್ಯಕ್ಷ): ದೀಕ್ಷೆಯ ಪೂರ್ಣತೆ ಇವರದು. ಇತರರಿಗೆ ಗುರುದೀಕ್ಷೆ ನೀಡುವ ಅಧಿಕಾರ ಇವರಿಗಿದೆ.

ಆರ್ಚ್‌ಬಿಷಪ್, ಕಾರ್ಡಿನಲ್, ಪೋಪ್ ಎಂಬುವು ನಾಲ್ಕನೆಯ ದರ್ಜೆಯಲ್ಲ, ಅವು ಹುದ್ದೆಗಳು. ದೀಕ್ಷೆಯ ದೃಷ್ಟಿಯಿಂದ ಪೋಪ್ ರೋಮ್ ನಗರದ ಬಿಷಪ್ ಆಗಿದ್ದಾರೆ.

ಪೋಪ್ ಮತ್ತು ಕಾರ್ಡಿನಲ್‌ಗಳು

ಪೋಪ್ ಸಂತ ಪೇತ್ರರ ಉತ್ತರಾಧಿಕಾರಿಯೆಂಬುದು ಧರ್ಮಸಭೆಯ ನಂಬಿಕೆ. ಇಡೀ ಧರ್ಮಸಭೆಯ ಮೇಲೆ ಅವರಿಗೆ ಪರಮಾಧಿಕಾರವಿದೆ. 1870ರಲ್ಲಿ ಮೊದಲ ವ್ಯಾಟಿಕನ್ ಮಹಾಸಭೆಯು ಪೋಪರ ಪ್ರಮಾದಾತೀತತೆಯನ್ನು ಘೋಷಿಸಿತು. ಇದರರ್ಥ ಪೋಪರ ಪ್ರತಿಯೊಂದು ಮಾತೂ ತಪ್ಪಿಲ್ಲದ್ದು ಎಂದಲ್ಲ. ವಿಶ್ವಾಸ ಅಥವಾ ನೀತಿಯ ವಿಷಯದಲ್ಲಿ ಇಡೀ ಧರ್ಮಸಭೆಗೆ ಅಂತಿಮವಾಗಿ ಘೋಷಿಸುವ ಬೋಧನೆಗೆ ಮಾತ್ರ ಇದು ಅನ್ವಯಿಸುತ್ತದೆ.

ಪೋಪರನ್ನು 80 ವರ್ಷ ತುಂಬದ ಕಾರ್ಡಿನಲ್‌ಗಳು ಗುಪ್ತ ಮತದಾನದಲ್ಲಿ ಮೂರನೆಯ ಎರಡರಷ್ಟು ಬಹುಮತದಿಂದ ಆರಿಸುತ್ತಾರೆ. ಈಗಿನ ಪೋಪ್ 14ನೆಯ ಲಿಯೊ 2025ರ ಮೇ 8ರಂದು ಆಯ್ಕೆಯಾದರು.

ಬಿಷಪ್ ಮತ್ತು ಧರ್ಮಕ್ಷೇತ್ರ

ಬಿಷಪ್ ತಮ್ಮ ಧರ್ಮಕ್ಷೇತ್ರದಲ್ಲಿ ಶಾಸನ, ಆಡಳಿತ ಮತ್ತು ನ್ಯಾಯ ಈ ಮೂರೂ ಅಧಿಕಾರಗಳನ್ನು ಹೊಂದಿರುತ್ತಾರೆ. ಅವರು ಪೋಪರ ಕೇವಲ ಪ್ರತಿನಿಧಿಗಳಲ್ಲವೆಂದು ಎರಡನೆಯ ವ್ಯಾಟಿಕನ್ ಮಹಾಸಭೆಯು 1964ರಲ್ಲಿ ಸ್ಪಷ್ಟಪಡಿಸಿತು. ನೆರೆಯ ಧರ್ಮಕ್ಷೇತ್ರಗಳ ಮೇಲೆ ಆರ್ಚ್‌ಬಿಷಪ್‌ಗೆ ಸೀಮಿತ ಮೇಲ್ವಿಚಾರಣೆಯಷ್ಟೇ ಇದೆ. 75 ವರ್ಷ ತುಂಬಿದಾಗ ಬಿಷಪ್ ಪೋಪರಿಗೆ ರಾಜೀನಾಮೆ ಸಲ್ಲಿಸಬೇಕು. ಧರ್ಮಕ್ಷೇತ್ರವನ್ನು ಚರ್ಚ್‌ವಾರು ಧರ್ಮಕೇಂದ್ರಗಳಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ಒಬ್ಬ ಪಾದ್ರಿಯನ್ನು ನೇಮಿಸಲಾಗುತ್ತದೆ.

ಸನ್ಯಾಸಿನಿಯರು ಮತ್ತು ಶ್ರೀಸಾಮಾನ್ಯರು

ಗುರುದೀಕ್ಷೆಯನ್ನು ಪುರುಷರಿಗೆ ಮಾತ್ರ ನೀಡಲಾಗುತ್ತದೆ. ಆದುದರಿಂದ ಶಾಲೆ, ಆಸ್ಪತ್ರೆಗಳನ್ನು ನಡೆಸುವ ಸನ್ಯಾಸಿನಿಯರು ವ್ರತಧಾರಿಗಳಾದರೂ ಯಾಜಕವರ್ಗಕ್ಕೆ ಸೇರುವುದಿಲ್ಲ. 2022ರಲ್ಲಿ ಪೋಪ್ ಫ್ರಾನ್ಸಿಸ್ ಹೊರಡಿಸಿದ ಸಂವಿಧಾನವು, ದೀಕ್ಷೆ ಪಡೆಯದ ಸ್ತ್ರೀಪುರುಷರೂ ವ್ಯಾಟಿಕನ್ನಿನ ಆಡಳಿತ ಇಲಾಖೆಗಳ ಮುಖ್ಯಸ್ಥರಾಗಲು ಅವಕಾಶ ನೀಡಿತು.

ಕರ್ನಾಟಕದಲ್ಲಿ

ಬೆಂಗಳೂರು 1953ರಲ್ಲಿ ಮಹಾಧರ್ಮಕ್ಷೇತ್ರವಾಯಿತು. ಮಂಗಳೂರು ಧರ್ಮಕ್ಷೇತ್ರವನ್ನು ವಿಭಜಿಸಿ 2012ರಲ್ಲಿ ಉಡುಪಿ ಧರ್ಮಕ್ಷೇತ್ರವನ್ನು ರಚಿಸಲಾಯಿತು. ಇವು ಲ್ಯಾಟಿನ್ ಸಂಪ್ರದಾಯದವು. ಕೇರಳ ಮೂಲದ ಸಿರೊ-ಮಲಬಾರ್ ಸಂಪ್ರದಾಯಕ್ಕೆ ಬೆಳ್ತಂಗಡಿ, ಭದ್ರಾವತಿ, ಮಂಡ್ಯಗಳಲ್ಲಿ ಪ್ರತ್ಯೇಕ ಬಿಷಪ್‌ಗಳಿದ್ದಾರೆ. ಹೀಗಾಗಿ ಬೆಳ್ತಂಗಡಿಯ ಲ್ಯಾಟಿನ್ ಚರ್ಚ್ ಮಂಗಳೂರಿನ ಬಿಷಪ್ ಅಧೀನದಲ್ಲಿದ್ದರೆ, ಅಲ್ಲಿನ ಸಿರೊ-ಮಲಬಾರ್ ಚರ್ಚ್ ಬೆಳ್ತಂಗಡಿಯ ಬಿಷಪ್ ಅಧೀನದಲ್ಲಿದೆ. ಇಬ್ಬರೂ ಪೋಪರ ಪರಮಾಧಿಕಾರವನ್ನು ಒಪ್ಪುತ್ತಾರೆ.