ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಕಿಮೊಥೆರಪಿ: ಚಿಕಿತ್ಸೆಯ ಚರಿತ್ರೆ ಮತ್ತು ಶಿವಮೊಗ್ಗ–ಭದ್ರಾವತಿ

ಪ್ರಸ್ತಾವನೆ

ಪ್ರಾಸ್ಟೇಟ್, ಗಂಡಸರ ಮೂತ್ರಕೋಶದ ಬುಡದಲ್ಲಿರುವ ಸಣ್ಣ ಗ್ರಂಥಿ. ಇದರ ಕ್ಯಾನ್ಸರ್ ಬಹುಮಟ್ಟಿಗೆ ಅರವತ್ತು ದಾಟಿದವರ ಕಾಯಿಲೆ. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯನ್ನೂ ಅನಂತರದ ಕಾಗದದ ಕಾರ್ಖಾನೆಯನ್ನೂ ನಂಬಿ ಬೆಳೆದ ಭದ್ರಾವತಿ ಇಂದು ನಿವೃತ್ತ ಕಾರ್ಮಿಕರ ಊರೂ ಹೌದು. ರಾತ್ರಿ ಮತ್ತೆ ಮತ್ತೆ ಮೂತ್ರಕ್ಕೆ ಏಳುವುದು, ಬಿಡದ ಸೊಂಟನೋವು ಇವನ್ನು ಹಿರಿಯರು ವಯಸ್ಸಿನ ಲೆಕ್ಕಕ್ಕೆ ಸೇರಿಸಿಬಿಡುತ್ತಾರೆ. ಹೀಗಾಗಿ ಎಷ್ಟೋ ಜನರಲ್ಲಿ ರೋಗ ಗೊತ್ತಾಗುವುದೇ ಮೂಳೆಗೆ ಹರಡಿದ ಮೇಲೆ. ಅಂಥ ಹೊತ್ತಿನಲ್ಲಿ ಕಿಮೊಥೆರಪಿಯ ಮಾತು ಬಂದರೆ, ಎಲ್ಲ ಮುಗಿದ ಮೇಲೆ ಕೊಡುವ ಮದ್ದು ಅದು ಎಂದು ಮನೆಯವರು ಕೈಚೆಲ್ಲುತ್ತಾರೆ. ಒಂದು ಕಾಲಕ್ಕೆ ವೈದ್ಯಶಾಸ್ತ್ರವೂ ಹಾಗೆಯೇ ತಿಳಿದಿತ್ತು. ಆ ತಿಳಿವಳಿಕೆ ಬದಲಾದ ಬಗೆಯನ್ನು ಈ ಲೇಖನ ಪರಿಶೀಲಿಸುತ್ತದೆ.

ಹಾರ್ಮೋನಿನ ಯುಗ

1941ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಚಾರ್ಲ್ಸ್ ಹಗಿನ್ಸ್ ಮತ್ತು ಕ್ಲಾರೆನ್ಸ್ ಹಾಡ್ಜಸ್, ವೃಷಣಗಳನ್ನು ತೆಗೆದರೆ ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್ ಕುಗ್ಗುತ್ತದೆಂದು ತೋರಿಸಿದರು. ಗಂಡು ಹಾರ್ಮೋನು ಈ ರೋಗದ ಆಹಾರವೆಂಬುದು ಖಚಿತವಾಯಿತು. 1966ರಲ್ಲಿ ಹಗಿನ್ಸ್ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಆದರೆ ಕೆಲವು ವರ್ಷಗಳಲ್ಲಿ ಕ್ಯಾನ್ಸರ್ ಹಾರ್ಮೋನಿನ ಕೊರತೆಗೆ ಒಗ್ಗಿಕೊಂಡು ಮರಳಿ ಬೆಳೆಯುತ್ತಿತ್ತು. ಆಗ ಪ್ರಯೋಗಿಸಿದ ಕಿಮೊಥೆರಪಿ ಔಷಧಗಳು ಒಂದರ ಹಿಂದೆ ಒಂದು ವಿಫಲವಾದವು. 1993ರಲ್ಲಿ ಯಗೋಡಾ ಮತ್ತು ಪೆಟ್ರಿಲಾಕ್ 26 ಪ್ರಯೋಗಗಳನ್ನು ಪರಿಶೀಲಿಸಿದಾಗ ಮದ್ದಿಗೆ ಸ್ಪಂದಿಸಿದವರು ಶೇ 8.7 ಮಾತ್ರ. ಈ ರೋಗಕ್ಕೆ ಕಿಮೊ ನಾಟುವುದಿಲ್ಲ ಎಂಬ ಅಭಿಪ್ರಾಯ ಬೇರೂರಿದ್ದು ಹೀಗೆ.

ನೋವು ಶಮನದಿಂದ ಆಯುಷ್ಯದತ್ತ

1996ರಲ್ಲಿ ಕೆನಡಾದ ಇಯಾನ್ ಟ್ಯಾನಕ್ ಮತ್ತು ಸಂಗಡಿಗರು ಪ್ರಶ್ನೆಯನ್ನೇ ಬದಲಿಸಿದರು. ಗೆಡ್ಡೆ ಎಷ್ಟು ಕುಗ್ಗಿತೆಂಬುದಕ್ಕಿಂತ ರೋಗಿಯ ನೋವು ಎಷ್ಟು ಇಳಿಯಿತೆಂದು ಅಳೆದರು. ಪ್ರೆಡ್ನಿಸೋನ್ ಎಂಬ ಸ್ಟೀರಾಯ್ಡ್ ಮಾತ್ರ ಪಡೆದವರಲ್ಲಿ ಶೇ 12 ಮಂದಿಗೆ ನೋವು ತಗ್ಗಿದರೆ, ಜೊತೆಗೆ ಮೈಟೊಕ್ಸಾಂಟ್ರೋನ್ ಎಂಬ ಕಿಮೊ ಔಷಧ ಪಡೆದವರಲ್ಲಿ ಶೇ 29 ಮಂದಿಗೆ ತಗ್ಗಿತು. ಆಯುಷ್ಯವೇನೂ ಹೆಚ್ಚಲಿಲ್ಲ.

ಆಯುಷ್ಯ ಹೆಚ್ಚಿಸಿದ ಮೊದಲ ಕಿಮೊಥೆರಪಿ ಔಷಧ ಡೊಸೆಟಾಕ್ಸೆಲ್. ಯೂ ಎಂಬ ಮರದ ಎಲೆಯಿಂದ ತೆಗೆದ ರಾಸಾಯನಿಕವನ್ನು ಆಧರಿಸಿ ಫ್ರಾನ್ಸಿನಲ್ಲಿ ಪಿಯೆರ್ ಪೋಟಿಯೆ ಅವರ ತಂಡ ರೂಪಿಸಿದ ಮದ್ದು ಇದು. ಜೀವಕೋಶ ಒಡೆದು ಎರಡಾಗುವುದನ್ನು ತಡೆಯುತ್ತದೆ. 2004ರಲ್ಲಿ ಪ್ರಕಟವಾದ, 1,006 ರೋಗಿಗಳ ಟ್ಯಾಕ್ಸ್ 327 ಪ್ರಯೋಗದಲ್ಲಿ, ಮೂರು ವಾರಕ್ಕೊಮ್ಮೆ ಇದನ್ನು ಪಡೆದವರ ಮಧ್ಯಾಂಕ ಆಯುಷ್ಯ 18.9 ತಿಂಗಳು, ಮೈಟೊಕ್ಸಾಂಟ್ರೋನ್ ಪಡೆದವರದು 16.5 ತಿಂಗಳು. ಲಾಭ ಚಿಕ್ಕದು, ಆದರೆ ಬಾಗಿಲು ತೆರೆಯಿತು. 2010ರಲ್ಲಿ ಡೊಸೆಟಾಕ್ಸೆಲ್ ಫಲಿಸದವರಿಗೆ ಕಬಾಜಿಟಾಕ್ಸೆಲ್ ಬಂತು.

ಔಷಧ ಅದೇ, ಹೊತ್ತು ಬೇರೆ

ನಿಜವಾದ ತಿರುವು 2015ರದು. ಚಾರ್ಟೆಡ್ ಪ್ರಯೋಗದಲ್ಲಿ ಹಾರ್ಮೋನು ಚಿಕಿತ್ಸೆ ಸೋಲುವವರೆಗೆ ಕಾಯದೆ, ಅದನ್ನು ಆರಂಭಿಸಿದ 120 ದಿನಗಳ ಒಳಗೇ ಡೊಸೆಟಾಕ್ಸೆಲ್ ಶುರುಮಾಡಿ ಆರು ಬಾರಿ ಕೊಡಲಾಯಿತು. ರೋಗ ಹೆಚ್ಚು ಹರಡಿದ್ದವರ ಮಧ್ಯಾಂಕ ಆಯುಷ್ಯ 32.2 ತಿಂಗಳಿನಿಂದ 49.2 ತಿಂಗಳಿಗೆ ಏರಿತು. ಟ್ಯಾಕ್ಸ್ 327ರ ರೋಗಿಗಳೂ ಹೋಲಿಕೆಯ ಚಿಕಿತ್ಸೆಯೂ ಬೇರೆಯಾದ್ದರಿಂದ ಈ ಅಂಕಿಗಳನ್ನು ನೇರವಾಗಿ ಜೋಡಿಸಲಾಗದು. ಆದರೂ ಹನ್ನೊಂದು ವರ್ಷಗಳಲ್ಲಿ ಮದ್ದು ಬದಲಾಗಲಿಲ್ಲ, ಕೊಡುವ ಹೊತ್ತು ಬದಲಾಯಿತು ಎಂಬುದು ಸ್ಪಷ್ಟ. 2016ರ ಬ್ರಿಟನ್ನಿನ ಸ್ಟಾಂಪೀಡ್ ಪ್ರಯೋಗವೂ ಬೇಗ ಕೊಡುವುದನ್ನೇ ಎತ್ತಿಹಿಡಿಯಿತು.

ಇದು ಎಲ್ಲರಿಗೂ ಬೇಕಾದ ಚಿಕಿತ್ಸೆಯಲ್ಲ. ಗ್ರಂಥಿಯೊಳಗೇ ಉಳಿದ ರೋಗಕ್ಕೆ ಶಸ್ತ್ರಚಿಕಿತ್ಸೆ ಅಥವಾ ವಿಕಿರಣ ಚಿಕಿತ್ಸೆ ಇದೆ. ನಿಧಾನವಾಗಿ ಬೆಳೆಯುವ ಕೆಲವನ್ನು ನಿಗಾದಲ್ಲಿಟ್ಟರೆ ಸಾಕು. ಕಡಿಮೆ ಹರಡಿದ ರೋಗದಲ್ಲಿ ಕಿಮೊದ ಲಾಭ ಚಾರ್ಟೆಡ್‌ನಲ್ಲಿ ಸ್ಪಷ್ಟವಾಗಲಿಲ್ಲ. ಅಬಿರಾಟೆರೋನ್, ಎಂಜಾಲುಟಮೈಡ್‌ನಂಥ ಮಾತ್ರೆಗಳೂ ಇಂದು ಆಯ್ಕೆಯಲ್ಲಿವೆ.

ಶಿವಮೊಗ್ಗ ಸೀಮೆಯಲ್ಲಿ ಇದರ ಅರ್ಥ

1973ರಲ್ಲಿ ಬೆಂಗಳೂರಿನಲ್ಲಿ ಕಿದ್ವಾಯಿ ಸ್ಮಾರಕ ಕ್ಯಾನ್ಸರ್ ಸಂಸ್ಥೆ ಆರಂಭವಾಯಿತು. ಶಿವಮೊಗ್ಗದಿಂದ ಅದು ಸುಮಾರು 300 ಕಿಲೋಮೀಟರ್. ಡೊಸೆಟಾಕ್ಸೆಲ್ ಪಡೆದವರ ಬಿಳಿ ರಕ್ತಕಣಗಳು ಕುಸಿದು ಜ್ವರ ಬಂದರೆ ಅಂದೇ ಆಸ್ಪತ್ರೆ ಸೇರಬೇಕು. ಅಷ್ಟು ದೂರದ ಆಸ್ಪತ್ರೆ ಆ ರಾತ್ರಿಗೆ ಆಗಿಬರುವುದಿಲ್ಲ. ಈಗ ಶಿವಮೊಗ್ಗ ನಗರದ ಖಾಸಗಿ ಆಸ್ಪತ್ರೆಗಳಲ್ಲಿ ಕಿಮೊಥೆರಪಿ ದೊರೆಯುತ್ತದೆ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಕ್ಯಾನ್ಸರ್ ಚಿಕಿತ್ಸೆಯನ್ನು ಒಳಗೊಂಡಿದೆ.

ಇದೇ ಜಿಲ್ಲೆಯ ನರಸೀಪುರದಲ್ಲಿ ನಾಟಿ ಮದ್ದಿಗಾಗಿ ದೇಶದ ನಾನಾ ಕಡೆಯ ಕ್ಯಾನ್ಸರ್ ರೋಗಿಗಳು ವರ್ಷಾನುಗಟ್ಟಲೆ ಸಾಲು ನಿಂತಿದ್ದಾರೆ. ಆ ನಂಬಿಕೆಯನ್ನು ಹೀಗಳೆಯುವುದು ಸಲ್ಲದು. ಡೊಸೆಟಾಕ್ಸೆಲ್‌ನ ಮೂಲವೂ ಒಂದು ಮರವೇ. ಆದರೆ ಅದು ಸಾವಿರಾರು ರೋಗಿಗಳಲ್ಲಿ ಹೋಲಿಸಿ, ಅಳೆದು, ಎಷ್ಟು ತಿಂಗಳ ಲಾಭವೆಂದು ಹೇಳಬಲ್ಲ ಮದ್ದು. ನಾಟಿ ಮದ್ದಿನ ಭರವಸೆಯಲ್ಲಿ ಮೊದಲ ತಿಂಗಳುಗಳು ಕಳೆದುಹೋದರೆ, ಚರಿತ್ರೆ ಗಳಿಸಿಕೊಟ್ಟ ಲಾಭವೂ ಹೋಗುತ್ತದೆ.

ಉಪಸಂಹಾರ

ದಶಕಗಳ ಸೋಲು ಮತ್ತು ಎರಡು ದಶಕಗಳ ಗೆಲುವು ಕಲಿಸಿದ ಪಾಠ ಒಂದೇ: ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್‌ನಲ್ಲಿ ಕಿಮೊ ಬೇಕೇ ಬೇಡವೇ ಎಂಬ ತೀರ್ಮಾನ ಹಾರ್ಮೋನು ಚಿಕಿತ್ಸೆ ಆರಂಭಿಸಿದ ಮೊದಲ ನಾಲ್ಕು ತಿಂಗಳಲ್ಲೇ ಆಗಬೇಕು. ಭದ್ರಾವತಿಯ ಒಬ್ಬ ನಿವೃತ್ತ ಕಾರ್ಮಿಕನಿಗೆ ಅಷ್ಟರೊಳಗೆ ಪಿಎಸ್‌ಎ ರಕ್ತಪರೀಕ್ಷೆ, ಬಯಾಪ್ಸಿ, ಮೂಳೆಯ ಸ್ಕ್ಯಾನ್ ಮತ್ತು ಕ್ಯಾನ್ಸರ್ ತಜ್ಞರ ಸಲಹೆ ಜಿಲ್ಲೆಯೊಳಗೇ ಸಿಗುವಂತೆ ಮಾಡುವುದು ನಮ್ಮ ಆರೋಗ್ಯ ವ್ಯವಸ್ಥೆಯ ಹೊಣೆ.